ಗೇಟಿನ ಬೋರ್ಡಿಗಿಂತ ಮೊದಲು ಡೀಸೆಲ್ ಬಿಲ್ಲು

ಹೋದ ವರ್ಷ ಜನವರಿಯಲ್ಲಿ, ರೋಬಸ್ಟಾ ಕುಯ್ಲು ಶುರುವಾಗಿದ್ದ ಹೊತ್ತಲ್ಲಿ, ಮೂಡಿಗೆರೆ ಕಡೆಯ ಗೌಡ್ರೊಬ್ರು ಚಿಕ್ಕಮಗಳೂರಿನ ನಮ್ಮ ಆಫೀಸಿಗೆ ಬಂದ್ರು. ಮೂವತ್ತು ಎಕರೆ ತೋಟ, ಜೊತೆಗೆ ಆರು ರೂಮಿನ ಹೋಂಸ್ಟೇ. ಜಿಎಸ್‌ಟಿ ವಿಷಯಕ್ಕೆ ಬಂದಿರ್ತಾರೆ ಅಂದ್ಕೊಂಡೆ, ಅಲ್ಲ. "ಏನಮ್ಮ, ಈ ಕಾರ್ಬನ್ ನ್ಯೂಟ್ರಲ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಎಷ್ಟಾಗುತ್ತೆ? ಪಕ್ಕದವ್ರು ಹಾಕ್ಕೊಂಡಿದಾರೆ. ನಮ್ ತೋಟದಲ್ಲಿ ಅವ್ರಿಗಿಂತ ಜಾಸ್ತಿ ಮರ ಇದೆ" ಅಂದ್ರು.

ಕಾರ್ಬನ್ ನ್ಯೂಟ್ರಲ್ ಅಂದ್ರೆ ನಾವು ಗಾಳಿಗೆ ಬಿಡೋ ಕಾರ್ಬನ್ನನ್ನ ಅಷ್ಟೇ ಪ್ರಮಾಣದಲ್ಲಿ ಸರಿದೂಗಿಸಿದೀವಿ ಅನ್ನೋ ಮಾತು. ನಾನು ಕೇಳಿದ್ದು ಒಂದೇ ಪ್ರಶ್ನೆ, "ಗೌಡ್ರೇ, ಹೋದ ವರ್ಷ ಎಷ್ಟು ಡೀಸೆಲ್ ಸುಟ್ಟಿದೀರ?" ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿರಲ್ಲ, ಅದು ಅವರ ತಪ್ಪೂ ಅಲ್ಲ.

ನಾನು ಮೂಲತಃ ಲೆಕ್ಕದವಳು, ಹದಿನೈದು ವರ್ಷದಿಂದ ಇಲ್ಲಿನ ಅಂಗಡಿ, ಕ್ಯೂರಿಂಗ್ ವರ್ಕ್ಸ್, ಹೋಂಸ್ಟೇ, ರೈಸ್ ಮಿಲ್ಲುಗಳ ರಿಟರ್ನ್ ಫೈಲ್ ಮಾಡ್ಕೊಂಡು ಬಂದಿರೋಳು. ಈ ಕಾರ್ಬನ್ ಲೆಕ್ಕ ನನ್ನ ಟೇಬಲ್ಲಿಗೆ ಬಂದಿದ್ದು ಹಾಸನದಿಂದ. ಅಲ್ಲಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ರಟ್ಟಿನ ಡಬ್ಬ ಮಾಡೋ ಒಂದು ಸಣ್ಣ ಘಟಕ ಇದೆ, ಅವ್ರು ಮಾಲು ಕೊಡೋ ದೊಡ್ಡ ಕಂಪನಿಯಿಂದ ಒಂದು ಎಕ್ಸೆಲ್ ಶೀಟ್ ಬಂತು, ನಿಮ್ಮ ಸ್ಕೋಪ್ ಒನ್ ಎಷ್ಟು ಸ್ಕೋಪ್ ಟೂ ಎಷ್ಟು ತುಂಬಿ ಕಳ್ಸಿ ಅಂತ. ಸ್ಕೋಪ್ ಒನ್ ಅಂದ್ರೆ ನಾವೇ ಸುಟ್ಟ ಇಂಧನದಂಥದ್ದರ ಲೆಕ್ಕ, ಸ್ಕೋಪ್ ಟೂ ಅಂದ್ರೆ ಕೊಂಡ ಕರೆಂಟಿನದ್ದು. ಅವ್ರು ಗಾಬರಿಯಾಗಿ ನನಗೆ ಫಾರ್ವರ್ಡ್ ಮಾಡಿದ್ರು. ಷೇರು ಮಾರುಕಟ್ಟೆಯ ಮೊದಲ 1000 ಕಂಪನಿಗಳು 2022-23ರಿಂದ ಪರಿಸರದ ವಿವರಗಳನ್ನ ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಕಡ್ಡಾಯವಾಗಿ ಕೊಡ್ಬೇಕು, ಹಂಗಾಗಿ ಅವ್ರು ಕೆಳಗಿನವರನ್ನ ಕೇಳೋಕೆ ಶುರು ಮಾಡಿದಾರೆ, ಕೆಳಗಿನವ್ರು ಅಂದ್ರೆ ನಮ್ಮಂಥ ಊರಿನ ಸಣ್ಣ ಘಟಕಗಳು. ಆ ಶೀಟ್ ತುಂಬ್ತಾ ತುಂಬ್ತಾ ನನಗೆ ಹೊಳೆದಿದ್ದು ಏನಂದ್ರೆ ಇದು ಹೊಸ ವಿದ್ಯೆ ಏನಲ್ಲ, ವೋಚರ್ ನೋಡಿ ಲೆಕ್ಕ ಬರೆಯೋದೇ, ರೂಪಾಯಿ ಬದಲು ಕೆಜಿ ಅಷ್ಟೇ.

ಆದ್ರೆ ಒಂದು ತೊಡಕಿದೆ. ಡೀಸೆಲ್ಲೂ ಕರೆಂಟೂ ಎರಡೂ ಜಿಎಸ್‌ಟಿಯಿಂದ ಹೊರಗಿವೆ, ಕೊಂಡಾಗ ಕಟ್ಟಿದ ಟ್ಯಾಕ್ಸನ್ನ ಮುರ್ಕೊಳ್ಳೋ ಇನ್‌ಪುಟ್ ಕ್ರೆಡಿಟ್ ಸಿಗಲ್ಲ, ಅದಕ್ಕೆ ಜನ ಆ ಬಿಲ್ಲುಗಳನ್ನ ಜೋಪಾನ ಮಾಡಲ್ಲ. ತೋಟದವರಂತೂ ಕೃಷಿ ಆದಾಯಕ್ಕೆ ಟ್ಯಾಕ್ಸ್ ಇಲ್ವಲ್ಲ ಅಂತ ಬಂಕಿನ ಚೀಟಿನ ಜೀಪಿನ ಡ್ಯಾಶ್‌ಬೋರ್ಡ್ ಮೇಲೇ ಬಿಟ್ಟಿರ್ತಾರೆ, ಒಂದು ತಿಂಗಳಲ್ಲಿ ಅಕ್ಷರ ಅಳಿಸಿಹೋಗುತ್ತೆ. ಕಾರ್ಬನ್ ಲೆಕ್ಕಕ್ಕೆ ಮುಖ್ಯವಾಗಿ ಬೇಕಾಗಿರೋದು ಆ ಚೀಟಿಗಳೇ. ಅದಕ್ಕೆ ನಾನು ಯಾರಿಗೇ ಆಗ್ಲಿ ಮೊದಲು ಹೇಳೋದು, ಬೋರ್ಡು ಸರ್ಟಿಫಿಕೇಟು ಎಲ್ಲಾ ಆಮೇಲೆ, ಒಂದು ನೋಟ್‌ಬುಕ್ ತಗೊಂಡು ಲೀಟರ್ ಬರೀರಿ.

ಗೌಡ್ರ ಲೆಕ್ಕ ಮಾಡೋಕೆ ನಾನೇ ತೋಟಕ್ಕೆ ಹೋದೆ. ಡೀಸೆಲ್ ಒಂದು ಲೀಟರ್ ಸುಟ್ರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ತಿಂಗಳಿಗೆ 200 ಲೀಟರ್ ಅಂದ್ರೆ ಅಲ್ಲೇ ಅರ್ಧ ಟನ್ ದಾಟ್ತು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ಮೂರು ದಿನ ಕರೆಂಟಿಲ್ಲ, ಜನರೇಟರ್ ಓಡ್ತಾನೇ ಇರುತ್ತೆ, ಅದು ಇಲ್ಲಿರೋರಿಗೆಲ್ಲ ಗೊತ್ತು. ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೆ ಫೆಬ್ರವರಿ ಮಾರ್ಚಲ್ಲಿ ಸ್ಪ್ರಿಂಕ್ಲರ್ ಪಂಪಿಗೆ ಮತ್ತೆ ಡೀಸೆಲ್. ಮೆಸ್ಕಾಂ ಕರೆಂಟು ಯೂನಿಟ್ಟಿಗೆ ಸುಮಾರು 0.7 ಕೆಜಿ, ಯಾಕಂದ್ರೆ ನಮ್ಮ ಮನೆಗೆ ಬರೋ ಕರೆಂಟಲ್ಲಿ ಶರಾವತಿ ನೀರಿನದ್ದೂ ಇದೆ ಕಲ್ಲಿದ್ದಲಿನದ್ದೂ ಇದೆ, ಲೆಕ್ಕ ಹಾಕೋದು ಇಡೀ ದೇಶದ ಗ್ರಿಡ್ ಸರಾಸರಿ ಹಿಡಿದು. ಅಡುಗೆಮನೆಯ 19 ಕೆಜಿ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ ಸುಮಾರು 57 ಕೆಜಿ. ಇಲ್ಲಿವರೆಗೆ ಗೌಡ್ರು ತಲೆ ಆಡಿಸ್ತಾ ಇದ್ರು.

ಯೂರಿಯಾಕ್ಕೆ ಬಂದಾಗ ಸುಮ್ಮನಾದ್ರು. 45 ಕೆಜಿ ಮೂಟೆಯಲ್ಲಿ 46% ಸಾರಜನಕ ಇರುತ್ತೆ, ಹತ್ತಿರ ಹತ್ತಿರ 20.7 ಕೆಜಿ. ಮಣ್ಣಿಗೆ ಹಾಕಿದ ಸಾರಜನಕದಲ್ಲಿ 1% ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತೆ ಅನ್ನೋದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ ಸಾಮಾನ್ಯ ಲೆಕ್ಕ, ಮಳೆ ಜಾಸ್ತಿ ಇರೋ ಕಡೆ ಇನ್ನೂ ಹೆಚ್ಚು. ಆ ಅನಿಲ ಕಾರ್ಬನ್ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯುತ್ತೆ. ಸಾರಜನಕದ ಜೊತೆ ಸೇರೋ ಆಮ್ಲಜನಕದ ತೂಕನೂ ಕೂಡಿ ಗುಣಿಸಿದ್ರೆ ಒಂದು ಮೂಟೆಗೆ ಸುಮಾರು 89 ಕೆಜಿ, ಅಂದ್ರೆ ಅಡುಗೆಮನೆಯ ಸಿಲಿಂಡರಿಗಿಂತ ಜಾಸ್ತಿ, ಅದೂ ಫ್ಯಾಕ್ಟರಿಯಲ್ಲಿ ಯೂರಿಯಾ ಮಾಡುವಾಗ ಆಗಿದ್ದನ್ನ ಸೇರಿಸದೆ. ಹೊಗೆ ಕಾಣಲ್ಲ, ವಾಸನೆ ಬರಲ್ಲ, ಅದಕ್ಕೇ ಯಾರೂ ಇದನ್ನ ಬರೆಯಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪಿಂಗ್ ನೀರಿನ ಗುಂಡಿನೂ ಹಂಗೇ, ಸಿಹಿ ಲೋಳೆ ನೀರು ಗಾಳಿ ಇಲ್ಲದೆ ಕೊಳೆತ್ರೆ ಮೀಥೇನ್, ಅದೂ ಬಿಸಿ ಹಿಡಿಯೋ ಅನಿಲವೇ. ಎರಡು ರೂಮಿಗೆ ಹಾಕ್ಸಿದ್ದ ಹಳೇ ಎಸಿಯಲ್ಲಿ ಇರೋದು ಆರ್-410ಎ ಗ್ಯಾಸ್, ಅದು ಒಂದು ಕೆಜಿ ಲೀಕ್ ಆದ್ರೆ 2088 ಕೆಜಿ ಕಾರ್ಬನ್ ಡೈಆಕ್ಸೈಡಿಗೆ ಸಮ, 780 ಲೀಟರ್ ಡೀಸೆಲ್ ಸುಟ್ಟಷ್ಟು. "ಹೋದ ವರ್ಷ ಗ್ಯಾಸ್ ತುಂಬ್ಸಿದ್ವಲ್ಲ" ಅಂದ್ರು ಅವರ ಮನೆಯವರು ಒಳಗಿಂದ. ಮೆಕ್ಯಾನಿಕ್ ಬಿಲ್ಲು ಹುಡುಕಿ ತೆಗೆದ್ವಿ.

ಈಗ ಮರದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಮಲೆನಾಡಿನ ಪ್ರತಿಯೊಬ್ಬ ತೋಟದವರೂ ಮರ ತೋರಿಸಿಯೇ ಮಾತು ಶುರು ಮಾಡೋದು, ಅದರಲ್ಲಿ ನ್ಯಾಯನೂ ಇದೆ. ನಮ್ಮ ಕಾಫಿ ನೆರಳಲ್ಲಿ ಬೆಳೆಯೋ ಕಾಫಿ. ಅತ್ತಿ, ಹಲಸು, ನಂದಿ, ಹೊನ್ನೆ ಮರಗಳನ್ನ ಅಜ್ಜಂದಿರು ಉಳಿಸ್ಕೊಂಡು ಬಂದಿದಾರೆ. ಆದ್ರೆ ಗೌಡ್ರಿಗೆ ನಾನು ಲೆಕ್ಕದ ಭಾಷೇಲೇ ಹೇಳ್ದೆ: ಆ ಮರದಲ್ಲಿರೋ ಕಾರ್ಬನ್ನು ನಿಮ್ಮಜ್ಜ ಇಟ್ಟ ಎಫ್‌ಡಿ. ಅದು ಆಸ್ತಿ. ಈ ವರ್ಷದ ಡೀಸೆಲ್ಲು ಈ ವರ್ಷದ ಖರ್ಚು. ಎಫ್‌ಡಿ ತೋರ್ಸಿ ಈ ವರ್ಷ ನನಗೆ ಖರ್ಚೇ ಇಲ್ಲ ಅಂತ ಯಾವ ಆಡಿಟರ್ ಮುಂದೆ ಹೇಳೋಕಾಗುತ್ತೆ? ಮರ ಈ ವರ್ಷ ಎಷ್ಟು ಬೆಳೀತೋ ಅಷ್ಟು ಬಡ್ಡಿ, ಅದನ್ನ ಸುತ್ತಳತೆ ತೆಗೆದು ಬೇರೆ ಪುಟದಲ್ಲಿ ಬರೀಬಹುದು. ಮೊನ್ನೆ ಲಾರಿ ತುಂಬಾ ಕಡಿದು ಕಳ್ಸಿದ ಸಿಲ್ವರ್ ಓಕು ಎಫ್‌ಡಿಯಿಂದ ತೆಗೆದ ದುಡ್ಡು, ಅದನ್ನೂ ಅದೇ ಪುಟದಲ್ಲಿ ಬರೀಬೇಕು. ಹೊರಸೂಸುವಿಕೆ ಕಡಿಮೆ ಮಾಡ್ತೀವಿ ಅಂತ ಕೊಟ್ಟ ಮಾತಿನ ಒಳಗೆ ಕೊಂಡ ಕಾರ್ಬನ್ ಕ್ರೆಡಿಟ್ಟನ್ನ, ಅಂದ್ರೆ ಬೇರೆಯವ್ರು ತಗ್ಗಿಸಿದ್ದನ್ನ ದುಡ್ಡು ಕೊಟ್ಟು ತಗೊಂಡ ಲೆಕ್ಕನ, ಸೇರಿಸೋಕೆ ಕಂಪನಿಗಳ ಇಂಥ ಗುರಿಗಳನ್ನ ಪರಿಶೀಲಿಸೋ ಎಸ್‌ಬಿಟಿಐ ಥರದ ಸಂಸ್ಥೆಗಳೂ ಬಿಡಲ್ಲ.

ಗೌಡ್ರಿಗೆ ಬೇಜಾರಾಯ್ತು. ನನಗೂ ಹೇಳೋಕೆ ಕಷ್ಟ ಆಯ್ತು, ಆದ್ರೆ ಹೇಳ್ದೆ ಇದ್ರೆ ಮುಂದೆ ಅವ್ರಿಗೇ ಪೆಟ್ಟು. ಸಕಲೇಶಪುರದ ಕಡೆ ನನಗೆ ಗೊತ್ತಿರೋ ಒಂದು ಹೋಂಸ್ಟೇಯವ್ರು ಯಾರೋ ಕನ್ಸಲ್ಟೆಂಟ್‌ಗೆ ದುಡ್ಡು ಕೊಟ್ಟು ಮೇಲ್‌ನಲ್ಲೇ ಸರ್ಟಿಫಿಕೇಟ್ ತರಿಸ್ಕೊಂಡಿದ್ರು, ಒಬ್ರೂ ಜಾಗಕ್ಕೆ ಬಂದಿರ್ಲಿಲ್ಲ, ಒಂದು ಬಿಲ್ಲೂ ಕೇಳಿರ್ಲಿಲ್ಲ. ಬೆಂಗಳೂರಿಂದ ಬಂದ ಗೆಸ್ಟ್ ಒಬ್ರು ಲೆಕ್ಕ ತೋರ್ಸಿ ಅಂದಾಗ ಏನೂ ಇರ್ಲಿಲ್ಲ. ಈಗ ಕಾನೂನೂ ಬಂದಿದೆ, 2024ರ ಅಕ್ಟೋಬರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಸುಳ್ಳು ಹಸಿರು ಜಾಹೀರಾತಿನ ವಿರುದ್ಧ ಮಾರ್ಗಸೂಚಿ ಹೊರಡಿಸ್ತು. ಇಕೋ ಫ್ರೆಂಡ್ಲಿ, ಗ್ರೀನ್ ಅಂತೆಲ್ಲ ಸುಮ್ಮನೆ ಬರ್ಕೊಳ್ಳೋ ಹಾಗಿಲ್ಲ, ಆಧಾರ ತೋರಿಸ್ಬೇಕು.

ಹಂಗಂದ್ರೆ ಮಾನ್ಯತೆ ಬೇಡ್ವಾ? ಖಂಡಿತ ಬೇಕು. ಕಷ್ಟಪಟ್ಟೋರಿಗೆ ಅದು ಸಿಗ್ಲೇಬೇಕು, ನಾನು ಈ ಕೆಲಸ ಮಾಡ್ತಿರೋದೂ ಅದಕ್ಕೇ. ತಯಾರಿಕಾ ಘಟಕ ಇದ್ದು ಉದ್ಯಮ್ ನೋಂದಣಿ ಇದ್ರೆ ಸಣ್ಣ ಉದ್ಯಮಗಳಿಗೆ ಸರ್ಟಿಫಿಕೇಟ್ ಕೊಡೋ ಕೇಂದ್ರದ ಝೆಡ್ ಯೋಜನೆ ನೋಡಿ, ಅದರಲ್ಲಿ ಮೊದಲ ಹೆಜ್ಜೆನೇ ಪ್ರತಿಜ್ಞೆ, ಆಮೇಲೆ ಬ್ರಾಂಜ್, ಸಿಲ್ವರ್, ಗೋಲ್ಡ್. ಅತಿ ಸಣ್ಣ ಘಟಕಕ್ಕೆ ಶುಲ್ಕದಲ್ಲಿ 80% ಸಬ್ಸಿಡಿ ಇತ್ತು, ಹೆಣ್ಣುಮಕ್ಕಳ ಘಟಕಕ್ಕೆ ಪೂರ್ತಿ. ಅದು ಬರೀ ಕಾರ್ಬನ್ನಿನದ್ದಲ್ಲ, ಗುಣಮಟ್ಟ, ಸುರಕ್ಷತೆ, ವಿದ್ಯುತ್ ಬಳಕೆ ಎಲ್ಲಾ ನೋಡ್ತಾರೆ, ನನಗೆ ಅದೇ ಇಷ್ಟ. ಐನೂರಕ್ಕಿಂತ ಕಡಿಮೆ ಜನ ಕೆಲಸ ಮಾಡೋ ಸಂಸ್ಥೆಗಳು ಸಣ್ಣ ಉದ್ಯಮಗಳ ಜಾಗತಿಕ ವೇದಿಕೆ ಎಸ್‌ಎಂಇ ಕ್ಲೈಮೇಟ್ ಹಬ್‌ನಲ್ಲಿ ಮಾತು ಕೊಡ್ಬಹುದು, 2030ಕ್ಕೆ ಹೊರಸೂಸುವಿಕೆ ಅರ್ಧ, 2050ಕ್ಕೆ ನೆಟ್ ಝೀರೋ, ಅಂದ್ರೆ ಆದಷ್ಟೂ ತಗ್ಗಿಸಿ ಉಳಿದದ್ದನ್ನ ಸರಿದೂಗಿಸೋದು ಅಂತ, ಪ್ರತಿ ವರ್ಷ ವರದಿ ಕೊಡ್ಬೇಕು. ತೋಟಕ್ಕಾದ್ರೆ ರೈನ್‌ಫಾರೆಸ್ಟ್ ಅಲಯನ್ಸ್ ಸರ್ಟಿಫಿಕೇಟ್ ಇದೆ. ಇನ್ನು ಗೌಡ್ರ ಮರಗಳಿಗೆ ನಿಜವಾದ ಬೆಲೆ ಸಿಗೋ ಜಾಗ ಇನ್ನೊಂದಿದೆ. ನಮ್ಮ ಕಾಫಿನ ಅತಿ ಹೆಚ್ಚು ಕೊಳ್ಳೋ ದೇಶ ಇಟಲಿ, ಅದಕ್ಕೂ ಸೇರಿದ ಹಾಗೆ ಇಡೀ ಯುರೋಪಿಯನ್ ಯೂನಿಯನ್ ಒಂದು ಕಾನೂನು ಮಾಡಿದೆ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ತಗೊಳ್ಳಲ್ಲ, ತೋಟದ ಜಾಗನ ಮ್ಯಾಪಲ್ಲಿ ತೋರಿಸ್ಬೇಕು. ಜಾರಿ ದಿನಾಂಕ ಮುಂದೆ ಹೋಗ್ತಾನೇ ಬಂತು, ಆದ್ರೆ ಎಕ್ಸ್‌ಪೋರ್ಟರ್‌ಗಳು ಆಗ್ಲೇ ಕೇಳ್ತಾ ಇದಾರೆ. ಮರ ಉಳಿಸ್ಕೊಂಡು ಬಂದೋರು ಅಲ್ಲಿ ತಲೆ ಎತ್ತಿ ಪೇಪರ್ ತೋರಿಸ್ಬಹುದು, ಡೀಸೆಲ್ ಮುಚ್ಚಿಡೋಕೆ ಮರ ಬಳಸೋ ಅಗತ್ಯನೇ ಇಲ್ಲ.

ಮಾತು ಕೊಡೋದು ಅಂದ್ರೆ ನನ್ನ ಪ್ರಕಾರ ಒಂದು ಸಾಲು: ಯಾವ ವರ್ಷದ ಲೆಕ್ಕ ಆಧಾರ, ಎಷ್ಟು ಕಡಿಮೆ, ಯಾವ ವರ್ಷದೊಳಗೆ, ಪುಸ್ತಕ ಬರೆಯೋರು ಯಾರು. ಕೊನೆಯದು ಇಲ್ದೆ ಮೊದಲ ಮೂರೂ ದಂಡ. ಗೌಡ್ರು ಮಾಲೀಕರು, ದಿನಾ ಮೀಟರ್ ನೋಡಲ್ಲ. ತೋಟದ ಲೆಕ್ಕ ಬರೆಯೋ ರೈಟರ್‌ಗೆ ಹೇಳ್ಕೊಟ್ವಿ, ಜನರೇಟರ್ ಶೆಡ್ಡಲ್ಲಿ ಒಂದು ಪುಸ್ತಕ, ಸ್ಪ್ರಿಂಕ್ಲರ್ ಪಂಪಿಗೆ ಒಂದು, ಗೊಬ್ಬರದ ಗೋಡೌನಿಗೆ ಒಂದು. ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಮಳೆಗಾಲಕ್ಕೆ ಜೊತೆಗೆ ಕಾಫಿ ಹೊಟ್ಟಿನ ಒಲೆ. ಯೂರಿಯಾ ಹಾಕೋ ಮುಂಚೆ ಮಣ್ಣು ಪರೀಕ್ಷೆ. ಗೆಸ್ಟ್‌ಗಳಿಗೆ ಬುಕಿಂಗ್ ಮೆಸೇಜಲ್ಲೇ ಸಕಲೇಶಪುರ ಸ್ಟೇಷನ್ನಿಂದ ಪಿಕಪ್ ಇದೆ ಅಂತ ಒಂದು ಸಾಲು, ಯಾಕಂದ್ರೆ ಬೆಂಗಳೂರಿಂದ ಒಂದು ಕಾರು ಬಂದುಹೋದ್ರೆ 500 ಕಿಲೋಮೀಟರ್, ಲೀಟರಿಗೆ ಹದಿನೈದು ಅಂದ್ಕೊಂಡ್ರೂ 33 ಲೀಟರ್ ಪೆಟ್ರೋಲು, 75 ಕೆಜಿ ಮೇಲೆ.

ಗೌಡ್ರು ಬೋರ್ಡ್ ಹಾಕ್ಲಿಲ್ಲ. ಊಟದ ಹಾಲಲ್ಲಿ ಒಂದು ಕಾಗದ ಅಂಟಿಸಿದಾರೆ, ಹೋದ ವರ್ಷದ ಡೀಸೆಲ್, ಯೂನಿಟ್, ಸಿಲಿಂಡರ್, ಯೂರಿಯಾ ಮೂಟೆ, ಎಸಿ ಗ್ಯಾಸ್, ಪಕ್ಕದಲ್ಲಿ ಈ ವರ್ಷದ ಕಾಲಂ, ತಿಂಗಳು ತಿಂಗಳು ಕೈಯಲ್ಲೇ ತುಂಬ್ತಾರೆ. ಗೆಸ್ಟ್‌ಗಳು ಅದರ ಮುಂದೆ ನಿಂತು ಓದ್ತಾರಂತೆ, ಒಬ್ರು ಯೂರಿಯಾ ಯಾಕೆ ಇಲ್ಲಿದೆ ಅಂತ ಕೇಳಿ ಅರ್ಧ ಗಂಟೆ ಮಾತಾಡಿದ್ರಂತೆ. ಮೊನ್ನೆ ರೈಟರ್ ಫೋನ್ ಮಾಡಿದ್ರು, "ಅಕ್ಕ, ಪಲ್ಪಿಂಗ್ ಗುಂಡಿದು ಇನ್ನೂ ಬರ್ದಿಲ್ಲ, ಅದನ್ನ ಹೆಂಗೆ ಅಳೆಯೋದು?" ಅಂತ. ಭಾನುವಾರ ಬರ್ತೀನಿ ಅಂದಿದೀನಿ.