ಅಮ್ಮ ಈ ಸಲ ಓಟು ಹಾಕಲಿಲ್ಲ

ಅಮ್ಮ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಮತಗಟ್ಟೆಯ ಬಾಗಿಲು ತೆರೆಯುವ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಈ ಸಲ ಮಾತ್ರ ‘ನೀನು ಹೋಗಿ ಬಾ, ನನಗೆ ಮನಸ್ಸಿಲ್ಲ’ ಅಂದುಬಿಟ್ಟರು.

ಕಾರಣ ನನಗೆ ಗೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಬರುತ್ತಿದ್ದ ಪಿಂಚಣಿ ಇದ್ದಕ್ಕಿದ್ದಂತೆ ನಿಂತಿತ್ತು. ಎರಡು ದಾಖಲೆಗಳಲ್ಲಿ ಹೆಸರಿನ ಒಂದಕ್ಷರ ಬೇರೆ ಇತ್ತು, ಅಷ್ಟೇ. ಬರೆದವರು ಕಚೇರಿಯವರೇ. ಅಲೆದವರು ನಾವು. ಈ ಕೌಂಟರಿನವರು ಆ ಕೋಣೆಗೆ ಕಳಿಸಿದರು, ಆ ಕೋಣೆಯವರು ‘ಮೇಲಿಂದ ಆದೇಶ ಬರಬೇಕು’ ಅಂದರು. 7 ತಿಂಗಳಲ್ಲಿ 14 ಸಲ ಹೋಗಿದ್ದೇವೆ. ಲಂಚ ಯಾರೂ ಕೇಳಲಿಲ್ಲ, ಅದನ್ನೂ ಹೇಳಬೇಕು. ಆದರೆ ‘ಇದು ನನ್ನ ಕೆಲಸ, ಮಾಡಿಕೊಡುತ್ತೇನೆ’ ಅನ್ನುವವರು ಒಬ್ಬರೂ ಸಿಗಲಿಲ್ಲ.

ಭ್ರಷ್ಟಾಚಾರದ ಬಗ್ಗೆ ನಾವು ಜಾಸ್ತಿ ಮಾತಾಡುತ್ತೇವೆ. ಕದ್ದವನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದವರು ಓಟು ಹಾಕಿ ಅವನನ್ನು ಇಳಿಸುತ್ತಾರೆ. ಕೈಲಾಗದ ಆಡಳಿತ ಆ ಸಿಟ್ಟನ್ನೂ ಉಳಿಸುವುದಿಲ್ಲ. ‘ಯಾರು ಬಂದರೂ ಇಷ್ಟೇ’ ಅನ್ನಿಸಿಬಿಡುತ್ತದೆ. ನನಗೆ ಭಯವಾಗುವುದು ಆ ಮಾತಿಗೆ.

ಅಚ್ಚುಕಟ್ಟಿನ ದೇಶ ಅನ್ನಿಸಿಕೊಂಡ ನೆದರ್ಲೆಂಡ್ಸ್‌ನಲ್ಲೂ ಹೀಗಾಗಿದೆ. ಮಕ್ಕಳ ಪಾಲನೆಗೆ ಸಿಗುವ ನೆರವಿನಲ್ಲಿ ಮೋಸ ಮಾಡಿದ್ದೀರಿ ಅಂತ ತೆರಿಗೆ ಇಲಾಖೆ 20,000ಕ್ಕೂ ಹೆಚ್ಚು ಪೋಷಕರ ಮೇಲೆ ತಪ್ಪು ಆರೋಪ ಹೊರಿಸಿತು. ಒಂದು ಸಹಿ ಬಿಟ್ಟುಹೋಗಿದ್ದಕ್ಕೂ ಪೂರ್ತಿ ಹಣ ವಾಪಸ್ ಕೇಳಿದರು. 2021ರ ಜನವರಿಯಲ್ಲಿ ಇಡೀ ಸಚಿವ ಸಂಪುಟ ರಾಜೀನಾಮೆ ಕೊಟ್ಟಿತು. ಎರಡೇ ತಿಂಗಳಿಗೆ ನಡೆದ ಚುನಾವಣೆಯಲ್ಲಿ ಪ್ರಧಾನಿ ಮಾರ್ಕ್ ರುಟೆಯವರ ಪಕ್ಷವೇ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಆ ಪೋಷಕರಿಗೆ ಅವತ್ತು ಏನನ್ನಿಸಿರಬಹುದು?

ಅಮೆರಿಕದ ಫ್ಲಿಂಟ್ ನಗರದ್ದು ಇನ್ನೂ ನೋವಿನ ಕಥೆ. 2014ರಲ್ಲಿ ಹಣ ಉಳಿಸಲು ಅಲ್ಲಿ ಕುಡಿಯುವ ನೀರಿನ ಮೂಲವನ್ನೇ ಬದಲಿಸಿದರು. ಆಗ ನಗರ ನಡೆಸುತ್ತಿದ್ದವರು ಜನ ಆರಿಸಿದವರೂ ಅಲ್ಲ, ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿ. ಪೈಪ್ ಸವೆಯದಂತೆ ತಡೆಯುವ ರಾಸಾಯನಿಕವನ್ನು ನೀರಿಗೆ ಬೆರೆಸಲಿಲ್ಲ. ಹಳೇ ಪೈಪುಗಳ ಸೀಸ ನೀರಿಗೆ ಇಳಿಯಿತು. ಜನ ದೂರು ಕೊಟ್ಟರೂ ಅಧಿಕಾರಿಗಳು ನೀರು ಸುರಕ್ಷಿತ ಅಂತಲೇ ಹೇಳುತ್ತಿದ್ದರು. ಮುಂದೆ ಸೀಸ ಮಿತಿಯೊಳಗೆ ಬಂದ ಮೇಲೂ ಎಷ್ಟೋ ಮನೆಯವರು ನಲ್ಲಿ ನೀರು ಮುಟ್ಟಲಿಲ್ಲ. ಒಮ್ಮೆ ಸುರಕ್ಷಿತ ಅಂದಿದ್ದನ್ನು ನಂಬಿ ಮಕ್ಕಳಿಗೆ ಕುಡಿಸಿದ್ದರು ಅಲ್ವಾ?

ಅಮ್ಮನ ಕೆಲಸ ಕೊನೆಗೂ ಆಯಿತು. ಹೊಸದಾಗಿ ಬಂದ ಒಬ್ಬ ಹುಡುಗಿ ಫೈಲು ನೋಡಿ, ‘ತಪ್ಪು ನಮ್ಮದೇ ಅಮ್ಮಾ, ಕೂತ್ಕೊಳ್ಳಿ’ ಅಂದಳು. ಅರ್ಧ ಗಂಟೆಯಲ್ಲಿ ಸರಿಮಾಡಿಕೊಟ್ಟಳು. ಅಮ್ಮ ಅಲ್ಲೇ ಅತ್ತುಬಿಟ್ಟರು. ಹಣ ಕೈಸೇರಿ ಮೂರು ತಿಂಗಳಿಗೆ ಚುನಾವಣೆ ಬಂತು, ಅಮ್ಮ ಹೊರಡಲಿಲ್ಲ.

ಆ ಫೈಲು ಇನ್ನೂ ಅವರ ದಿಂಬಿನ ಪಕ್ಕದಲ್ಲೇ ಇದೆ. ಒಳಗಿಡಲಾ ಅಂತ ಕೇಳಿದೆ. ‘ಬೇಡ, ಮತ್ತೆ ಕೇಳಿದರೆ?’ ಅಂದರು.