ನಲ್ ಸೊನ್ನೆಯಾಗಿ ಬಂದಾಗ

ಕೆಲವು ಗ್ರಾಹಕರ ಬಿಲ್ಲಿನಲ್ಲಿ ರಿಯಾಯಿತಿ ಸೊನ್ನೆ ಬರುತ್ತಿದೆ ಎಂಬುದು ದೂರು. ರಿಯಾಯಿತಿ ನಿಗದಿಯಾಗದವರಿಗೆ ಡೀಫಾಲ್ಟ್ ಆಗಿ ಶೇ. 5 ಸಿಗಬೇಕಿತ್ತು. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ. ನಲ್ (ಮೌಲ್ಯವೇ ಇಲ್ಲದ ಖಾಲಿ ಸ್ಥಿತಿ) ಬಳಸಲು ಹೋದಾಗ ಜಾವಾ ಎಸೆಯುವ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ಎರರ್ ಬಂದಿದ್ದರೆ ಎಷ್ಟೋ ವಾಸಿ, ಯಾವ ಸಾಲಿನಲ್ಲಿ ಕೋಡ್ ಬಿತ್ತು ಎಂದಾದರೂ ತಿಳಿಯುತ್ತಿತ್ತು.

ಡೇಟಾಬೇಸ್‌ನಲ್ಲಿ ನೇರವಾಗಿ ಕ್ವೆರಿ ಓಡಿಸಿ ನೋಡಿದರೆ ಆ ಗ್ರಾಹಕರ ರಿಯಾಯಿತಿ ಕಾಲಮ್ ನಲ್. ಜಾವಾ ಕೋಡ್ ಅದನ್ನು ಗೆಟ್‌ಇಂಟ್ ಎಂಬ, ಪೂರ್ಣಾಂಕ ಓದುವ ಮೆಥಡ್ ಮೂಲಕ ಓದುತ್ತಿತ್ತು. ಕಾಲಮ್ ನಲ್ ಇದ್ದರೆ ಗೆಟ್‌ಇಂಟ್ 0 ಕೊಡುತ್ತದೆ. ಜಾವಾ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಜೆಡಿಬಿಸಿಯ ನಿಯಮವೇ ಹಾಗಿದೆ. ಹೀಗಾಗಿ ಕೆಳಗೆ ಬರೆದಿದ್ದ ‘ನಲ್ ಆದರೆ 5’ ಎಂಬ ಚೆಕ್‌ವರೆಗೆ ನಲ್ ತಲುಪುತ್ತಲೇ ಇರಲಿಲ್ಲ. ಓದಿದ ಮೇಲೆ ವಾಸ್‌ನಲ್ ಕರೆದು ‘ಅದು ನಲ್ ಆಗಿತ್ತೇ’ ಎಂದು ಕೇಳಬಹುದು, ಆದರೆ ಅದು ಕೊನೆಯದಾಗಿ ಓದಿದ ಕಾಲಮ್ಮಿಗೆ ಮಾತ್ರ ಉತ್ತರಿಸುತ್ತದೆ. ಮಧ್ಯೆ ಯಾರಾದರೂ ಇನ್ನೊಂದು ಗೆಟ್ ಸೇರಿಸಿದರೆ ಉತ್ತರ ಕೆಟ್ಟಿತು. ಗೆಟ್‌ಆಬ್ಜೆಕ್ಟ್‌ಗೆ ಇಂಟಿಜರ್ ಕ್ಲಾಸ್ ಕೊಟ್ಟು ಓದುವುದೇ ಮೇಲು: ನಲ್ ನಲ್ಲಾಗಿಯೇ ಬರುತ್ತದೆ. ಅದನ್ನು ನಲ್ ಹಿಡಿಯಲಾರದ ಪ್ರಿಮಿಟಿವ್ ಇಂಟ್ ವೇರಿಯೇಬಲ್‌ಗೆ ಹಾಕಬಾರದು, ಅನ್‌ಬಾಕ್ಸ್ ಆಗುವಾಗ (ಇಂಟಿಜರ್ ಇಂಟ್ ಆಗಿ ಬದಲಾಗುವಾಗ) ನಲ್ ಇದ್ದರೆ ಎಕ್ಸೆಪ್ಶನ್ ಗ್ಯಾರಂಟಿ.

ಇದರ ಹಿಂದೆಯೇ ಇನ್ನೊಂದು ಪ್ರಕರಣ ಸಿಕ್ಕಿತು: ಗ್ರಾಹಕರ ಸಾಲೇ (ರೋ) ಟೇಬಲ್‌ನಲ್ಲಿಲ್ಲ. ಸಾಲಿದ್ದು ಕಾಲಮ್ ಖಾಲಿ ಇರುವುದು ಬೇರೆ, ಸಾಲೇ ಇಲ್ಲದಿರುವುದು ಬೇರೆ. ಮೊದಲನೆಯದಕ್ಕೆ ಶೇ. 5 ಸರಿ, ಎರಡನೆಯದಕ್ಕೆ ಬಿಲ್ಲೇ ನಿಲ್ಲಬೇಕು. ಪೈಥಾನ್‌ನ ಫೆಚ್‌ಒನ್ ಸಾಲಿಲ್ಲದಿದ್ದರೆ ನನ್ (None, ಪೈಥಾನ್‌ನ ನಲ್) ಕೊಡುತ್ತದೆ, ಕಾಲಮ್ ಖಾಲಿಯಿದ್ದರೆ ಒಳಗೆ ನನ್ ಇರುವ ಟ್ಯೂಪಲ್. ಡಾಟ್‌ನೆಟ್‌ನ ಎಕ್ಸಿಕ್ಯೂಟ್‌ಸ್ಕೇಲರ್‌ನಲ್ಲಿ ಸಾಲಿಲ್ಲದಿದ್ದರೆ ನಲ್, ಕಾಲಮ್ ಖಾಲಿಯಾದರೆ ಡಿಬಿನಲ್. ಎರಡು ಟೇಬಲ್ ಜೋಡಿಸುವ ಲೆಫ್ಟ್ ಜಾಯಿನ್‌ನಲ್ಲಿ ಮಾತ್ರ ಎರಡೂ ಒಂದೇ ಥರ ಕಾಣುತ್ತವೆ; ಬಲಗಡೆಯ ಟೇಬಲ್‌ನ ಪ್ರೈಮರಿ ಕೀ ನಲ್ ಆಗಿದೆಯೇ ನೋಡಿಯೇ ತಿಳಿಯಬೇಕು. ಮೊತ್ತ ಕೂಡಿಸುವ ಎಸ್‌ಕ್ಯೂಎಲ್‌ನ ಸಮ್ ಇನ್ನೂ ವಿಚಿತ್ರ: ಗ್ರೂಪ್ ಬೈ ಇಲ್ಲದಿದ್ದಾಗ, ಕೂಡಿಸಲು ಒಂದು ಸಾಲೂ ಸಿಗದಿದ್ದರೂ ನಲ್ ಇರುವ ಒಂದು ಸಾಲನ್ನು ಮರಳಿಸುತ್ತದೆ.

ಆಪ್ಶನಲ್ (ಮೌಲ್ಯ ಇರಬಹುದು ಇಲ್ಲದಿರಬಹುದು ಎಂದು ಸೂಚಿಸುವ ಜಾವಾ ಕ್ಲಾಸ್) ಬಳಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಒಂದು ಸಂಗತಿ ಗಮನಿಸಬೇಕು. ಗ್ರಾಹಕರನ್ನು ಹುಡುಕಿ, ಮ್ಯಾಪ್‌ನಲ್ಲಿ ರಿಯಾಯಿತಿ ತೆಗೆದು, ಕೊನೆಗೆ ಆರ್‌ಎಲ್ಸ್ 5 (ಖಾಲಿಯಾದರೆ 5) ಎಂದು ಒಂದೇ ಸರಪಳಿಯಲ್ಲಿ ಬರೆದರೆ ಓದಲು ಚೆಂದ. ಆದರೆ ಮ್ಯಾಪ್ ಒಳಗಿನ ಫಂಕ್ಷನ್ ನಲ್ ಕೊಟ್ಟರೆ ಆಪ್ಶನಲ್ ಖಾಲಿಯಾಗುತ್ತದೆ, ಗ್ರಾಹಕರೇ ಸಿಗದಿದ್ದರೂ ಅದೇ ಖಾಲಿ. ಇಲ್ಲದ ಗ್ರಾಹಕನಿಗೂ ಶೇ. 5 ಮಂಜೂರು! ಅದಕ್ಕೇ ಇಲ್ಲಿ ಎರಡು ಹಂತ: ಮೊದಲು ಆರ್‌ಎಲ್ಸ್‌ಥ್ರೋ (ಖಾಲಿಯಾದರೆ ಎಕ್ಸೆಪ್ಶನ್) ಹಾಕಿ ಗ್ರಾಹಕರನ್ನು ಖಚಿತಪಡಿಸಿಕೊಳ್ಳುವುದು, ಆಮೇಲೆ ಕೋಡಿನ ಬೇರೆ ಸಾಲಿನಲ್ಲಿ ರಿಯಾಯಿತಿಯ ನಲ್ ನೋಡುವುದು. ಕ್ವೆರಿಯಲ್ಲೇ ಕೋಲೆಸ್ (ನಲ್ ಇದ್ದರೆ ಬದಲಿ ಮೌಲ್ಯ ಕೊಡುವ ಫಂಕ್ಷನ್) ಹಾಕಬಹುದಿತ್ತು ನಿಜ, ಆದರೆ ಆಗ 5 ಎಂಬ ವ್ಯವಹಾರದ ನಿಯಮ ಹತ್ತು ಕ್ವೆರಿಗಳಲ್ಲಿ ಚದುರಿಹೋಗುತ್ತದೆ.

ಟೆಸ್ಟ್‌ಗೆ ಮೂರು ಡೇಟಾ ಸಾಕು: ಸಾಲಿಲ್ಲ, ಸಾಲಿದ್ದು ನಲ್, ಸಾಲಿದ್ದು 0. ಮೂರನೆಯದನ್ನು ಬಿಡುವವರೇ ಹೆಚ್ಚು. ನಿಜವಾಗಿ ರಿಯಾಯಿತಿ ಬೇಡವೆಂದು 0 ನಮೂದಿಸಿದವರಿಗೆ 5 ಹೋಗಬಾರದು.

ಕಾಲಮ್ಮಿಗೆ ನಾಟ್ ನಲ್ (ಖಾಲಿ ಬಿಡುವಂತಿಲ್ಲ ಎಂಬ ನಿಯಮ) ಹಾಕಿಬಿಡೋಣ ಎಂಬ ಮಾತೂ ಬಂತು. ಇಲ್ಲಿ ಅದು ಬೇಡ. ಎಲ್ಲ ನಲ್‌ಗಳಿಗೂ 5 ತುಂಬಿದರೆ, ನಾಳೆ ಡೀಫಾಲ್ಟ್ 7 ಆದಾಗ ಯಾರಿಗೆ ಬದಲಿಸಬೇಕು ಎಂಬ ಗುರುತೇ ಉಳಿಯುವುದಿಲ್ಲ. ತಪ್ಪಾಗಿ ಹೋದ ಹಳೆಯ ಬಿಲ್‌ಗಳನ್ನು ಹುಡುಕಲು ಇರುವ ಸುಳಿವೂ ಅದೊಂದೇ: ಬಿಲ್ಲಿನಲ್ಲಿ 0, ಗ್ರಾಹಕರ ಟೇಬಲ್‌ನಲ್ಲಿ ನಲ್.