ಅಂಜಬ್ಯಾಡ್ರಿ ಅಕ್ಕೋರ, ಒಳಗ ಬರ್ರಿ

ಬೀದರ್‌ಗೆ ಹೋಗ್ತೀವಿ ಅಂದಾಗ ನಮ್ಮ ಹಾಸನದಲ್ಲಿ ಎಲ್ರೂ ಕೇಳಿದ್ದು ಒಂದೇ, ಇಬ್ರೇ ಹೆಂಗಸ್ರು ಅಷ್ಟು ದೂರ ಯಾಕೆ, ಆ ಕಡೆ ಜನ ಹೇಗೋ ಏನೋ ಅಂತ, ಹಾಗಂದವರಲ್ಲಿ ಒಬ್ರೂ ಬೀದರ್ ನೋಡಿದವರಲ್ಲ. ಆದ್ರೂ ಅಂಥ ಮಾತು ತಲೇಲಿ ಕೂತ್ಕೊಂಡುಬಿಡುತ್ತೆ. ಟ್ರೈನ್ ಇಳಿದಾಗಿಂದ ಅಮ್ಮ ಬ್ಯಾಗನ್ನ ಎದೆಗೆ ಅವಚಿಕೊಂಡೇ ಓಡಾಡಿದ್ರು.

ಮೊದಲು ಅಷ್ಟೂರಿಗೆ ಹೋದ್ವಿ, ಅಲ್ಲಿ ಬಹಮನಿ ಸುಲ್ತಾನರ ಗೋರಿಗಳ ಗುಮ್ಮಟಗಳು ಸಾಲಾಗಿವೆ. ಅಹ್ಮದ್ ಷಾ ವಲಿ ಗುಮ್ಮಟದ ಒಳಗೆ ಕತ್ತಲು, ಅಮ್ಮ ಹೊಸ್ತಿಲಲ್ಲೇ ನಿಂತುಬಿಟ್ರು. ಅಲ್ಲಿ ನೋಡ್ಕೊಳ್ಳೋ ಅಜ್ಜ "ಅಂಜಬ್ಯಾಡ್ರಿ ಅಕ್ಕೋರ, ಒಳಗ ಬರ್ರಿ" ಅಂತ ಕರೆದು, ಬಾಗಿಲ ಬಿಸಿಲಿಗೆ ಒಂದು ಕನ್ನಡಿ ಹಿಡಿದ್ರು. ಬೆಳಕಿನ ತುಂಡೊಂದು ಗೋಡೆ ಹತ್ತಿ ಮೇಲೆ ಹೋಯ್ತು, ಅದು ಹೋದಲ್ಲೆಲ್ಲ ಕೆಂಪು, ಚಿನ್ನದ ಬಣ್ಣ, ಬಳ್ಳಿ, ಅಕ್ಷರ, ಆರು ಶತಮಾನದ ಹಿಂದಿನ ಬಣ್ಣ ಇನ್ನೂ ಹಾಗೇ ಇದೆ. ಅಮ್ಮ ಯಾವಾಗ ಒಳಗೆ ಬಂದ್ರೋ ನಂಗೆ ಗೊತ್ತೇ ಆಗ್ಲಿಲ್ಲ. ಈ ಸುಲ್ತಾನನನ್ನೇ ಸುತ್ತಲಿನ ಲಿಂಗಾಯತರು ಅಲ್ಲಮಪ್ರಭು ಅಂತ ನಡ್ಕೊಳ್ತಾರೆ, ಉರುಸಿಗೆ ಜಂಗಮರು ಬರ್ತಾರೆ. ನಮ್ಮನ್ನ ಹೆದರಿಸಿ ಕಳಿಸಿದವರು ಒಮ್ಮೆ ಅಲ್ಲಿ ನಿಂತು ನೋಡ್ಬೇಕು ಅನ್ನಿಸ್ತು.

ಝರಣಿ ನರಸಿಂಹನ ಗುಹೆ ದೇವಸ್ಥಾನ ಇನ್ನೊಂದು ಥರ. ಸುಮಾರು 300 ಮೀಟರ್ ಸುರಂಗ, ಎದೆಮಟ್ಟ ನೀರು, ತಲೆ ಮೇಲೆ ಬಾವಲಿ, ಲೆಕ್ಕ ಹಾಕಿದ್ರೆ ನಿಜಕ್ಕೂ ಭಯ ಪಡಬೇಕಾದ ಜಾಗ ಅದೇ, ಆದ್ರೆ ಮುಂದೆ ಒಂದು ಸಂಸಾರ ಮಗುವನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ತಿತ್ತು, ಹಿಂದಿನವರು ಗೋವಿಂದ ಗೋವಿಂದ ಅಂತಿದ್ರು, ನಮಗೆ ಒಂಚೂರೂ ಭಯ ಆಗ್ಲಿಲ್ಲ. ಕೋಟೆಯಲ್ಲಿ ಉಲ್ಟಾ. ಸಂಜೆ ಗೋಡೆ ಮೇಲೆ ನಾವಿಬ್ರೇ, ಕೆಳಗೆ ಬಂಡೆ ಕಡಿದು ಮಾಡಿದ ಕಂದಕ, ದೂರದಲ್ಲಿ ಯಾರೋ ಮೂರು ಹುಡುಗ್ರು ಕಂಡಿದ್ದಕ್ಕೇ ಅಮ್ಮ ನನ್ನ ಕೈ ಹಿಡಿದು ಬೇಗ ಬೇಗ ನಡೆದ್ರು, ಆ ಅವಸರದಲ್ಲಿ ಕಾಲು ಜಾರಿದ್ದು ಗೋಡೆಯ ಅಂಚಲ್ಲಿ. "ಸಾವಕಾಶ್ರೀ" ಅಂತ ಕೂಗಿದ್ದು ಅದೇ ಹುಡುಗ್ರು.

ನಿಜವಾಗಿ ತೊಂದರೆ ಆಗಿದ್ದು ಲಾಡ್ಜಲ್ಲಿ. ರೂಮಿನ ಚಿಲಕ ನಿಲ್ತಿರ್ಲಿಲ್ಲ, ಹೇಳಿದ್ರೆ ಏನೂ ಆಗಲ್ಲ ಮಲಗಿ ಮೇಡಂ ಅಂದ್ರು, ನಾನು ಬಾಗಿಲಿಗೆ ಕುರ್ಚಿ ಕೊಟ್ಟು ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡೇ ಇದ್ದೆ. ಹೆಂಗಸ್ರು ಪ್ರವಾಸ ಬರಲಿ ಅಂತಿದ್ರೆ ಮೊದಲು ಒಂದು ಗಟ್ಟಿ ಚಿಲಕ ಹಾಕಿಸಿ, ಸಂಜೆ ಹೊತ್ತಿಗೆ ಒಂದು ದೀಪ ಹಾಕಿ, ಅಷ್ಟು ಸಾಕು ನಮಗೆ. ನಾನಕ್ ಝೀರಾ ಗುರುದ್ವಾರದಲ್ಲಿ ರಾತ್ರಿ ಹೊತ್ತು ದೀಪ ಉರೀತಿತ್ತು, ಹೆಂಗಸ್ರು ಮಕ್ಕಳು ಓಡಾಡ್ತಿದ್ರು, ಲಂಗರಿನ ಊಟದ ಸಾಲಲ್ಲಿ ಕೂತು ಅಮ್ಮ ಎರಡು ಸಲ ದಾಲ್ ಹಾಕಿಸ್ಕೊಂಡ್ರು.

ಹೊರಗೆ ಬರೋವಾಗ ಚಿಕ್ಕಮ್ಮನ ಫೋನು, ಜನ ಹೇಗಿದ್ದಾರೆ ಅಂತ. ಅಮ್ಮ ಅಜ್ಜನ ಕನ್ನಡಿಯಿಂದ ಶುರು ಮಾಡಿ ಎಲ್ಲಾ ಹೇಳಿದ್ರು, ಚಿಲಕದ ವಿಷಯ ಮಾತ್ರ ಎತ್ತಲಿಲ್ಲ. ಯಾಕಮ್ಮ ಅಂದೆ. "ಹೇಳಿದ್ರೆ ಅದನ್ನ ಬೀದರ್ ಮೇಲೆ ಹಾಕ್ತಾಳೆ ಕಣೆ" ಅಂದ್ರು.